ಗೆಟ್ಟವಾಡಿಯಿಂದ ದಿನಾ ಅವಮಾನ

ಜನರ ನಡುವೆ ಇದ್ದು ನಗೆಪಾಟಲಾಗುವುದು ಯಾರಿಗಾದರೂ ಸಾಧ್ಯ. ಮನೆಯಲ್ಲಿ ಒಬ್ಬನೇ ಕೂತು ಅದನ್ನು ಮೇಲಿಂದ ಮೇಲೆ ಸಾಧಿಸಲು ನನ್ನಂಥ ಪ್ರತಿಭೆಯೇ ಬೇಕು.

ರೇಡಿಯೋ ರಿಪೇರಿ ಅಂಗಡಿ ಮುಚ್ಚಿದ ಮೇಲೆ ನಾನು ಹಿಡಿದದ್ದು ಪ್ಯಾಕೆಟ್ ರೇಡಿಯೋ. ಪರೀಕ್ಷೆ ಬರೆದು, ಲೈಸೆನ್ಸ್ ಪಡೆದು, ಗೆಟ್ಟವಾಡಿಯ ನನ್ನ ಮನೆ ಪಕ್ಕ ಕಂಬ ನೆಟ್ಟೆ. ತೆಂಗಿನಮರಗಳು ನಾಚಿ ತಲೆ ತಗ್ಗಿಸಿದವು. ಈ ರೇಡಿಯೋ ಮಾತಾಡುವುದಿಲ್ಲ. ನಾನೆಲ್ಲಿದ್ದೇನೆ, ಇಲ್ಲಿ ಬಿಸಿಲೆಷ್ಟು, ಮಳೆಯೆಷ್ಟು ಎಂಬುದನ್ನೆಲ್ಲ ಪುಟ್ಟ ಪೊಟ್ಟಣ ಕಟ್ಟಿ ಗಾಳಿಗೆ ಎಸೆಯುತ್ತದೆ. ದೂರದ ಬೆಟ್ಟದ ಮೇಲಿನ ಯಂತ್ರ ಅದನ್ನು ಹಿಡಿದು ಮುಂದೆ ದಾಟಿಸುತ್ತದೆ. ನಕ್ಷೆಯಲ್ಲಿ ನಾನೊಂದು ಚುಕ್ಕಿಯಾಗಿ ಇಡೀ ಜಗತ್ತಿಗೆ ಕಾಣುತ್ತೇನೆ. ನೋಡಿದವರು ಮನಸ್ಸಿದ್ದರೆ ಎರಡು ಸಾಲು ಬರೆಯಬಹುದು. ಯಾರೂ ಬರೆದಿರಲಿಲ್ಲ. ಯಾರಾದರೂ ಒಬ್ಬ ಮನುಷ್ಯ ‘ಏನ್ರೀ’ ಎನ್ನಲಿ ಎಂದು ಪರದೆ ನೋಡುತ್ತ ಕೂರುವುದೇ ನನ್ನ ಉದ್ಯೋಗವಾಯಿತು.

ಪ್ಯಾಕೆಟ್

ಒಂದು ಸಂಜೆ ಪಕ್ಕದ ಹೊಲದವನು ತಲೆ ಮೇಲೆ ಟವೆಲ್ ಎಳೆದುಕೊಂಡು, ಆಚೀಚೆ ನೋಡುತ್ತ ಬಂದ.

“ಮಾವ, ನೀನು ಪ್ಯಾಕೆಟ್ ಕಳಿಸ್ತೀಯಂತಲ್ಲ. ನಂಗೂ ಒಂದು ಕೊಡು.”

ಸಾರಾಯಿ ಪ್ಯಾಕೆಟ್ ಎಂದುಕೊಂಡಿದ್ದ.

“ಅದು ಗಾಳೀಲಿ ಓಯ್ತದೆ ಕಣ್ಲಾ. ಕಣ್ಗೆ ಕಾಣಕಿಲ್ಲ.”

“ಕಾಣ್ದಂಗೇ ಮಾರ್ಬೇಕು ಮಾವ. ಪೊಲೀಸ್ನೋರು ಸುಮ್ನಿರ್ತಾರಾ?”

ಬಂದವನು ಎಲ್ಲಿ ಎದ್ದುಬಿಡುತ್ತಾನೋ ಎಂದು ಟೀ ಕಾಯಿಸಿದೆ. ಯಂತ್ರ ತೋರಿಸಿದೆ. ಇನ್ನೊಂದು ಲೋಟ ಟೀ ಕೊಟ್ಟೆ. ಅದನ್ನೂ ಮುಗಿಸಿ ಎದ್ದವನು ಕಂಬದ ತುದಿಯವರೆಗೆ ಕಣ್ಣು ಹಾಯಿಸಿ ಕೇಳಿದ: “ಬರೀ ಟೀ ಕೊಡಾಕೆ ಇಷ್ಟೆತ್ರ ಕಂಬ ಯಾಕ್ ಮಾವ?”

ಅವಮಾನ

ನಮ್ಮ ಕಡೆ ನಾಲಿಗೆ ಮೇಲೆ ‘ಹ’ ನಿಲ್ಲುವುದಿಲ್ಲ. ಹಳ್ಳಿ ‘ಅಳ್ಳಿ’, ಹೊಲ ‘ಒಲ’. ಇದನ್ನು ಮರೆತು ತಾಳವಾಡಿಯ ಟೀ ಅಂಗಡಿಯಲ್ಲಿ, “ಪ್ರಪಂಚಕ್ಕೆ ದಿನಾ ಹವಾಮಾನ ಕಳಿಸೋನು ಈ ಸೀಮೆಗೇ ನಾನೊಬ್ಬ” ಎಂದು ಎದೆಯುಬ್ಬಿಸಿದೆ. ಅಂಗಡಿಯವನು ಬೆಂಚಿನವರಿಗೆಲ್ಲ ಕೇಳುವಂತೆ ಸಾರಿದ: “ಮಾವ ದಿನಾ ಪ್ರಪಂಚಕ್ಕೆಲ್ಲ ಅವಮಾನ ಕಳಿಸ್ತದಂತೆ!”

ಎಲೆಅಡಿಕೆ ಕುಟ್ಟುತ್ತಿದ್ದ ಅಜ್ಜಿಯೊಬ್ಬಳು ತಲೆಯೆತ್ತಿದಳು. “ಯಾರ್ಗ್ಲಾ ಅವಮಾನ?”

“ಯಾರಿಗೂ ಅಲ್ಲ ಕಣಜ್ಜಿ. ಮಳೇದು.”

“ಅಂಗನ್ನು! ದಿನಾ ಮಳೆಗೆ ಅವಮಾನ ಮಾಡುದ್ರೆ ಅದ್ಯಾಕ್ಲಾ ಬಂದಾದು ಈ ಕಡೀಕೆ?”

ಚುಕ್ಕಿಯ ಪ್ರವಾಸ

ಜೇಬಿನಲ್ಲಿಟ್ಟುಕೊಳ್ಳುವ ಪುಟ್ಟ ಯಂತ್ರವೂ ಒಂದಿದೆ. ಅದು ಹೋದಲ್ಲೆಲ್ಲ ನನ್ನ ಚುಕ್ಕಿಯೂ ಹೋಗುತ್ತದೆ. ಅಣ್ಣ ಎಲ್ಲಿದ್ದಾನೆಂದು ಒಬ್ಬಳಿಗಾದರೂ ತಿಳಿದಿರಲಿ ಎಂದು, ಚಾಮರಾಜನಗರದ ತಂಗಿಗೆ ಅದನ್ನು ಫೋನಿನಲ್ಲಿ ನೋಡಲು ಕಲಿಸಿದ್ದೆ. ಒಮ್ಮೆ ಕೋಸಿನ ಲಾರಿಯಲ್ಲಿ ಹಾಸನೂರಿಗೆ ಹೋದವನು ಯಂತ್ರವನ್ನು ಸೀಟಿನ ಮೇಲೆಯೇ ಬಿಟ್ಟು ಇಳಿದೆ. ಲಾರಿ ದಿಂಬಂ ಘಾಟಿಯ ತಿರುವುಗಳನ್ನೆಲ್ಲ ಇಳಿದು, ಸತ್ಯಮಂಗಲ ದಾಟಿ, ಮಾರ್ಕೆಟ್ಟಿಂದ ಮಾರ್ಕೆಟ್ಟಿಗೆ ಸುತ್ತಿತು. ತಂಗಿ ಗಾಬರಿಯಾಗಿ ಫೋನ್ ಮಾಡುತ್ತಾಳೆಂದು ಮನೆ ಸೇರಿ ಕಾದೆ. ಫೋನ್ ಬರಲಿಲ್ಲ. ನಾನೇ ಮಾಡಿದೆ.

“ನನ್ನ ಚುಕ್ಕಿ ನೋಡಿದ್ಯೇನವ್ವಾ?”

“ನೋಡ್ದೆ ಅಣ್ಣಾ! ಅಂತೂ ಮನೆ ಬುಟ್ಟು ಆಚೆ ಒಂಟ್ಯಲ್ಲ ಅಂತ ಕುಸಿಯಾಯ್ತು. ತೊಂದ್ರೆ ಕೊಡಾದ್ ಬ್ಯಾಡ ಅಂತ ಸುಮ್ಗಾದೆ. ಯಾರ್ ಜೊತೆ ಓಗಿದ್ದೆ?”

“ಕೋಸಿನ ಜೊತೆ,” ಎಂದೆ.

ಕೊನೆಗೂ ಒಂದು ಉತ್ತರ

ಮಳೆ ಅಳೆಯುವ ಡಬ್ಬಿಯೊಳಗೆ ಆಚೀಚೆ ಬಾಗುವ ಪುಟ್ಟ ಬಟ್ಟಲಿದೆ. ಅದು ಬಾಗಿದಷ್ಟೂ ಮಳೆ ಎಂದು ಲೆಕ್ಕ. ಒಂದು ದಿನ ಸುಡುಬಿಸಿಲಿನಲ್ಲಿ ಕೋತಿಯೊಂದು ಬಂದು ಡಬ್ಬಿಯನ್ನು ತಬ್ಬಿಕೊಂಡು ಅಲ್ಲಾಡಿಸತೊಡಗಿತು. ನಾನು ಒಳಗೆ ಮುದ್ದೆ ತಿರುವುತ್ತಿದ್ದೆ. ಗೆಟ್ಟವಾಡಿ ಮುಳುಗುತ್ತಿದೆ ಎಂಬ ಸುದ್ದಿ ಗಾಳಿಗೆ ಹೋಯಿತು.

ಯಂತ್ರ ‘ಟಿಣ್’ ಎಂದಿತು. ಮೈಸೂರು ಕಡೆಯ ಒಬ್ಬ ರೇಡಿಯೋ ಹವ್ಯಾಸಿ, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ: ‘ಅಷ್ಟೊಂದು ಮಳೆಯಾ? ಹುಷಾರಾಗಿದ್ದೀರಾ?’

ಗೋಡೆಗಳಿಗೂ ಕೇಳಲೆಂದು ಗಟ್ಟಿಯಾಗಿ ಓದಿದೆ. ಇಷ್ಟು ಕಾಲ ನಾನು ಕಳಿಸಿದ ಸತ್ಯಕ್ಕೆ ಬಾರದ ಉತ್ತರ ಕೋತಿಯ ಒಂದೇ ಸುಳ್ಳಿಗೆ ಬಂದಿತ್ತು! ‘ಮಳೆಯಲ್ಲ, ಕೋತಿ’ ಎಂದು ಬರೆಯುವಾಗ ಬೆರಳು ತಡೆಯಿತು. ಇಲ್ಲಿಗೆ ಮುಗಿಯಿತು ಎಂದುಕೊಂಡೇ ಕಳಿಸಿದೆ.

ಮುಗಿಯಲಿಲ್ಲ. ಮರುದಿನ, ‘ಕೋತಿ ಬಂದಿತ್ತಾ?’ ಅದರ ಮರುದಿನವೂ ಅದೇ. ಬಾರದ ದಿನವೂ ‘ಬಂದಿತ್ತು’ ಎಂದೇ ಬರೆದೆ. ಈ ಸೀಮೆಯಲ್ಲಿ ಎಲ್ಲರೂ ಕೋತಿ ಓಡಿಸಿದರೆ, ನಾನೊಬ್ಬ ಬಾಳೆಹಣ್ಣು ಹಿಡಿದು ಕೋತಿ ಕರೆದೆ.

ಮೊನ್ನೆ ಮಧ್ಯಾಹ್ನ ಹೊಸ ಸಾಲು ಬಂತು: ‘ಊಟ ಆಯ್ತಾ?’

ಈ ಮನೆಯಲ್ಲಿ ಆ ಮಾತು ಕೇಳಿ ಎಷ್ಟು ಕಾಲವಾಗಿತ್ತೋ! ಕನ್ನಡಕ ಒರೆಸಿಕೊಂಡೆ. ರಾಗಿಮುದ್ದೆ, ಅವರೆಕಾಳು ಸಾರು, ಸುಟ್ಟ ಹಪ್ಪಳ, ಮೇಲೊಂದು ಲೋಟ ಮಜ್ಜಿಗೆ, ಒಂದನ್ನೂ ಬಿಡದೆ ಬರೆದೆ. ಒಂದು ಪೊಟ್ಟಣದಲ್ಲಿ ಹಿಡಿಸಲಿಲ್ಲ, ಎರಡು ಕಟ್ಟಿ ಕಳಿಸಿದೆ.

ಉತ್ತರ ಆಗಲೇ ಬಂತು: ‘ಅಬ್ಬಾ! ನಿಮ್ಮ ಕೋತಿ ಮುದ್ದೇನೂ ತಿನ್ನುತ್ತಾ?’