ಅಕ್ಕನಿಗೆಂದು ಹೆಣೆದ ಶಾಲು

ನಾಚಿಕೆ ಅನ್ನೋದು ನಾನು ಎಲ್ಲಿ ಕೂತಿದ್ದರೂ ವಿಳಾಸ ಕೇಳಿಕೊಂಡು ಬಂದು ಪಕ್ಕದಲ್ಲಿ ಕೂರುತ್ತೆ. ಐವತ್ತು ದಾಟಿತು, ಇನ್ನಾದರೂ ಕೀಟಲೆ ಬಿಡಿ ಅಂತ ಹೆಂಡತಿ ಹೇಳುತ್ತಲೇ ಇರುತ್ತಾಳೆ. ಬಿಟ್ಟಿದ್ದೇನೆ ಅಂತ ನಾನೂ ಹೇಳುತ್ತಲೇ ಇರುತ್ತೇನೆ. ಹೋದ ಚಳಿಗಾಲದ್ದನ್ನು ಮಾತ್ರ ಹೇಳಿಬಿಡುತ್ತೇನೆ. ಸುಳ್ಳು ಎಷ್ಟು ಬೇಕೋ ಅಷ್ಟೇ ಬೆರೆಸಿದ್ದೇನೆ.

೧. ಬೆದರುಬೊಂಬೆ

ರಾವಂದೂರಿಗೆ ಕೊಟ್ಟಿರುವ ನಮ್ಮಕ್ಕ ನಾಲ್ಕು ದಿನ ಇದ್ದು ಹೋಗಲು ನಮ್ಮೂರಿಗೆ ಬಂದಿದ್ದಳು. ಹೆಗಲ ಮೇಲೆ ಅವಳೇ ಹೆಣೆದ ಕೆಂಪು ಉಲ್ಲನ್ ಶಾಲು. ಬೆರಳು ಮಡಿಸಲಾಗದಷ್ಟು ಗಂಟು ನೋವು ಹಿಡಿಯುವ ಮುಂಚೆ ಹೆಣೆದ ಕೊನೆಯದು. ಅವಳು ಸ್ನಾನಕ್ಕೆ ಹೋದದ್ದೇ ತಡ, ಅದನ್ನು ಒಯ್ದು ಜೋಳದ ಹೊಲದ ಬೆದರುಬೊಂಬೆಗೆ ಹೊದಿಸಿದೆ.

ಪಕ್ಕದ ಹೊಲದ ಯಜಮಾನರು ಬಂದವರೇ ಬೊಂಬೆಯ ಬೆನ್ನಿಗೆ, "ಯಾವಾಗ್ ಬಂದ್ಯವ್ವಾ? ಮನೇಲೆಲ್ಲಾ ಚೆಂದಾಗವ್ರಾ?" ಅಂದರು. ಹತ್ತು ನಿಮಿಷ ಮಾತಾಡಿದರು. ಅರ್ಧ ಗಂಟೆ ಅಂತಲೇ ಇಟ್ಟುಕೊಳ್ಳಿ. ಉತ್ತರ ಬರದಿದ್ದಾಗ, "ಟೌನ್ ಹತ್ರ ಸೇರ್ಕಂಡ್ ಮ್ಯಾಲೆ ಮಾತೇ ಬ್ಯಾಡ ಆಯ್ತು ಬುಡು" ಅಂತ ಹೊರಟುಹೋದರು.

ಬದುವಿನ ಹಿಂದೆ ಬಿದ್ದು ಬಿದ್ದು ನಕ್ಕೆ. ಎಲ್ಲರಿಗೂ ತೋರಿಸೋಣ ಅಂತ ಮನೆಯವರನ್ನು ಕರೆತಂದೆ. ಅಷ್ಟರಲ್ಲಿ ಯಾರದೋ ಎಳೆಗರು ಅರ್ಧ ಶಾಲನ್ನು ಅಗಿದು ಹಾಕಿತ್ತು.

ಅಕ್ಕ ಬೈಯಲಿಲ್ಲ. ಉಳಿದದ್ದನ್ನು ಮಡಿಸಿಕೊಂಡು, "ನಗಾಡ್ತಿದ್ಯಲ್ಲಾ, ನಗಾಡು. ಯಾಕ್ ನಿಲ್ಲಿಸ್ದೆ?" ಅಂದಳು. ಮಧ್ಯಾಹ್ನದ ಬಸ್ಸಿಗೆ ಹೊರಟೇಹೋದಳು.

ಆಮೇಲೆ ಯಾವಾಗ ಫೋನ್ ಮಾಡಿದರೂ ಭಾವ ಎತ್ತಿ, "ಕೊಟ್ಟಿಗೇಲವ್ಳೆ" ಅನ್ನೋರು. ಅವರಿಗಿರೋದು ಒಂದೇ ಹಸು. ನಮ್ಮಕ್ಕ ಹದಿನೈದು ದಿನ ಕೊಟ್ಟಿಗೆಯಲ್ಲೇ ಇದ್ದಳು.

೨. ಮನೆಯವರ ಕೈ

ನಾನೇ ಒಂದು ಶಾಲು ಹೆಣೆದುಕೊಟ್ಟರೆ ಮಾತಾಡಿಯಾಳು ಅಂತ ಹುಣಸೂರಿನ ಉಲ್ಲನ್ ಅಂಗಡಿಗೆ ಹೋದೆ. ಗಂಡಸು ಹೆಣೀತಾನೆ ಅನ್ನೋದಕ್ಕೆ ಬಾಯಿ ಬರಲಿಲ್ಲ. "ನಮ್ಮ ಮನೆಯವರಿಗೆ, ಹೊಸದಾಗಿ ಕಲೀತಾವ್ರೆ" ಅಂದೆ.

ಅಂಗಡಿ ಸಾಹೇಬರು ಒಳ್ಳೆಯವರು. ದಪ್ಪ ದಾರ, ದಪ್ಪ ಕಡ್ಡಿ ಕೊಟ್ಟು, "ಸುಲಭ ಐತೆ ಸ್ವಾಮಿ. ಎಲ್ಲಾ ಸಾಲೂ ಒಂದೇ ತರ ಹೆಣೆದ್ರೆ ಸಾಕು. ನೀವು ನೋಡ್ಕೊಂಡು ಹೋಗಿ ಅವ್ರಿಗೆ ಹೇಳ್ಕೊಡಿ" ಅಂತ ಕಡ್ಡಿಯನ್ನು ನನ್ನ ಕೈಗೇ ಹಿಡಿಸಿದರು. ಕಡ್ಡಿ ತೂರಿಸು, ದಾರ ಸುತ್ತು, ಎಳೆ, ಜಾರಿಸು. ನಾನು ಹಲ್ಲು ಕಚ್ಚಿಕೊಂಡು ಆರು ಸಾಲು ಹೆಣೆಯುವಷ್ಟರಲ್ಲಿ ಅಂಗಡಿ ಮುಂದೆ ಜನ ಸೇರಿದ್ದರು.

ಹೊರಡುವಾಗ ಸಾಹೇಬರು ನಗದೆ ಹೇಳಿದರು: "ನಿಮ್ಮ ಮನೆಯವ್ರ ಕೈ ಬಹಳ ಬಿಗಿ. ಸ್ವಲ್ಪ ಸಡಿಲ ಬಿಡೋಕೆ ಹೇಳಿ. ಮೀಸೆನೂ ಕಡ್ಡಿಗೆ ಸಿಕ್ಕಬಾರದು ಅಂತ ಹೇಳಿ."

೩. ಹೊಗೆಸೊಪ್ಪಿನ ಗಂಟು

ಕೈ ಬಿಗಿ ಯಾಕೆ ಅಂದರೆ ನಾನು ಚಿಕ್ಕಂದಿನಿಂದ ಹೊಗೆಸೊಪ್ಪು ಕಟ್ಟಿದವನು. ಸೊಪ್ಪು ಬೇಯಿಸಿ ಒಣಗಿಸುವ ಮನೆ, ಅಂದರೆ ಬ್ಯಾರನ್ನಿಗೆ ಏರಿಸುವ ಮುಂಚೆ ಎಲೆಗಳನ್ನು ದಾರದಲ್ಲಿ ಕಡ್ಡಿಗೆ ಕಟ್ಟಬೇಕು. ಸಡಿಲವಾದರೆ ಎಲೆ ಒಣಗಿ ಕೆಳಗಿನ ಬಿಸಿ ಕೊಳವೆ ಮೇಲೆ ಬಿದ್ದು ಇಡೀ ಬ್ಯಾರನ್ನೇ ಹೊತ್ತಿಕೊಳ್ಳುತ್ತೆ. ಹಾಗಾಗಿ ಶಾಲಿನ ಒಂದೊಂದು ಕುಣಿಕೆಯನ್ನೂ, ಸಡಿಲ ಬಿಟ್ಟರೆ ಬೆಂಕಿ ಬೀಳುತ್ತೆ ಅನ್ನೋ ಹಾಗೆ ಜಗ್ಗಿದೆ.

ಅರವತ್ತು ಕುಣಿಕೆಯಿಂದ ಶುರು ಮಾಡಿದ್ದು, ಮೊಳದುದ್ದ ಆಗುವಷ್ಟರಲ್ಲಿ ಎಂಬತ್ತಾಗಿತ್ತು. ಆ ಇಪ್ಪತ್ತು ಎಲ್ಲಿಂದ ಬಂದು ಸೇರಿಕೊಂಡವೋ ಕಾಣೆ. ಶಾಲು ಬೀಸಣಿಗೆಯ ಹಾಗೆ ಅಗಲವಾಗುತ್ತಾ ಹೋಯಿತು. ನೆಲದ ಮೇಲೆ ಬಿಟ್ಟರೆ ತಾನೇ ನಿಂತುಕೊಳ್ಳುತ್ತಿತ್ತು.

ಹೆಂಡತಿ ಅದರ ಸುತ್ತ ಒಂದು ಸುತ್ತು ಬಂದು ನೋಡಿದಳು. "ಇದನ್ನ ಹೊದ್ಕಳಾದಾ, ಬಾಗ್ಲಿಗೆ ಒರಗಿಸಾದಾ?"

೪. ರಾವಂದೂರಿನ ಜಗಲಿ

ಕೊನೆಗೆ ಸೋತು ಅಂಗಡಿಯಲ್ಲೇ ಒಂದು ಚೆಂದದ ಶಾಲು ಕೊಂಡು ರಾವಂದೂರಿಗೆ ಹೋದೆ. ಅಕ್ಕ ಬಾಗಿಲಲ್ಲೇ ನಿಂತಳು. ಶಾಲು ಮುಂದೆ ಹಿಡಿದು, "ನಾನೇ ಹೆಣೆದೆ ಕಣಕ್ಕಾ" ಅಂದೆ.

"ನೀನಾ?" ಅಂದಳು. ಕಣ್ಣು ತುಂಬಿತು. ತಿಂಗಳ ಮೇಲೆ ನನಗಂತ ಆಡಿದ ಮೊದಲ ಮಾತು ಅದು. ಅಲ್ಲಿಗೇ ಬಿಟ್ಟಿದ್ದರೆ ಚೆನ್ನಾಗಿತ್ತು. ಬೀದಿಯ ಹೆಂಗಸರನ್ನೆಲ್ಲ ಜಗಲಿಗೆ ಕರೆದು, "ನನ್ ತಮ್ಮ ಹೆಣೆದದ್ದು ನೋಡ್ರವ್ವಾ" ಅಂದಳು. ಒಬ್ಬಾಕೆ ಮನೆಗೆ ಓಡಿ ಕಡ್ಡಿ, ದಾರ ತಂದು, "ನಮ್ಗೂ ವಸಿ ತೋರ್ಸಣ್ಣ" ಅಂದಳು.

ತೋರಿಸಿದೆ. ನಾಲ್ಕನೇ ಕುಣಿಕೆಗೆ ಕಡ್ಡಿ ಕಿರ್ ಅಂದಿತು. ಐದನೆಯದಕ್ಕೆ ಒಳಗೇ ಹೋಗಲಿಲ್ಲ. ಹೆಂಗಸರು ಸೆರಗು ಬಾಯಿಗಿಟ್ಟುಕೊಂಡರು.

ಅಕ್ಕ ಹೊಸ ಶಾಲಿನ ಅಂಚು ಸವರಿ ನೋಡಿದಳು. ನನ್ನ ಚೀಲದ ಬಾಯಲ್ಲಿ ಇಣುಕುತ್ತಿದ್ದ ಕಡ್ಡಿಗೆ ಕೈ ಹಾಕಿದಳು. ಹೆಂಡತಿ ನನ್ನನ್ನು ಕೇಳದೆ ಕೆಳಗೆ ತುರುಕಿದ್ದ ನನ್ನ ಬೀಸಣಿಗೆ ಶಾಲು, ಕಡ್ಡಿ ಸಮೇತ ಹೊರಗೆ ಬಂತು.

ನಾನು ನೆಲ ನೋಡಿಕೊಂಡು, "ತಪ್ಪಾಯ್ತು ಕಣಕ್ಕಾ, ಎರಡಕ್ಕೂ" ಅಂದೆ. ಜೋಕು ಬೆರೆಸದೆ ನಾನು ಆಡಿದ ಮಾತು ಅದೊಂದೇ ಇರಬೇಕು.

ಅಕ್ಕ ಅಂಗಡಿ ಶಾಲನ್ನು ನನ್ನ ಮಡಿಲಿಗೆ ಎಸೆದು, ಕಡ್ಡಿ ನೇತಾಡುತ್ತಿದ್ದ ನನ್ನದನ್ನು ಹೆಗಲಿಗೆ ಏರಿಸಿಕೊಂಡಳು. ಅದು ಬಗ್ಗದೆ ಅವಳ ಎರಡೂ ಕಿವಿಯ ಪಕ್ಕ ಸೆಟೆದು ನಿಂತಿತು.

"ಇದು ನಿಂದೇ ಕಣ್ಲಾ" ಅಂದಳು. "ಇಷ್ಟ್ ಕೆಟ್ಟದ್ದು ಯಾವ್ ಅಂಗ್ಡೀಲೂ ಸಿಕ್ಕಲ್ಲ."