ಬೆನ್ನು ಹಿಡಿಯುವವಳಿಗೆ ಎರಡು ಮೊಳ

ನಮ್ಮ ಸೋದರತ್ತೆಯನ್ನು ಸಭೆಗೆ ಕರೆಯುವ ಸರ್ಕಾರಿ ಮಂದಿ ಮೊದಲು ನೆಲ ಗುಡಿಸಿಡುವುದು ಒಳ್ಳೆಯದು. ಯಾಕೆಂದರೆ ಅವಳು ಕುರ್ಚಿಯಲ್ಲಿ ಕೂರುವುದಿಲ್ಲ, ಭಾಷಣ ಮಾಡುವುದಿಲ್ಲ, ಅರ್ಜಿ ಕೊಡುವುದಿಲ್ಲ. ಸೀದಾ ನೆಲದ ಮೇಲೆ ಮಲಗಿ ಹೆರಲು ಶುರು ಮಾಡುತ್ತಾಳೆ! ವಯಸ್ಸು ಎಪ್ಪತ್ತು ದಾಟಿದೆ. ಮೈಯಲ್ಲಿ ಎಲುಬು ಬಿಟ್ಟರೆ ಉಳಿದಿರುವುದು ಬಾಯಿ ಮಾತ್ರ.

ದೇವದುರ್ಗದ ಆಚೆ ನಮ್ಮ ನಾಯಕರ ದೊಡ್ಡಿ. ಮೂವತ್ತು-ನಲವತ್ತು ಮನೆ. ನಾನೂ ಸೇರಿದಂತೆ ಅರ್ಧ ದೊಡ್ಡಿ ಹುಟ್ಟಿದ್ದು ಅತ್ತೆಯ ಕೈಯಲ್ಲಿ. ಮೊಮ್ಮಗು ಬರುವ ಹೊತ್ತಾಯಿತು, ಇನ್ನಾದರೂ ನಾಲ್ಕು ಜನರ ಮುಂದೆ ನನಗೆ ಮರ್ಯಾದೆ ಕೊಡು ಎಂದರೆ, "ನೀ ಕಾಲು ಮುಂದ ಮಾಡಿ ಹುಟ್ಟಿದಾಂವ, ನಿನಗೇನು ಮರ್ಯಾದಿಲೇ" ಎನ್ನುತ್ತಾಳೆ. 

ಇಂಥವಳನ್ನು ರಾಯಚೂರಿನ ಸಭೆಗೆ ಕರೆದರು. ದೊಡ್ಡಿಗೆ ಹೆರಿಗೆ ಕೋಣೆಯಿರುವ ಒಂದು ಆರೋಗ್ಯ ಉಪಕೇಂದ್ರ ಮಂಜೂರಾಗಿತ್ತು. ಅದು ಹೇಗಿರಬೇಕೆಂದು ದೊಡ್ಡಿಯವರನ್ನೇ ಕೇಳಿ ಕಟ್ಟುತ್ತಾರಂತೆ. ಬಸ್ಸು ಹತ್ತಿಸಿ ಇಳಿಸಲು ಜೊತೆಗೆ ನಾನು. ಅಲ್ಲಿ ಎಲ್ಲರ ಕೈಗೂ ಬಣ್ಣದ ಚೀಟಿ ಕೊಟ್ಟು, ನಿಮಗೇನು ಬೇಕೋ ಬರೆದು ಗೋಡೆಗೆ ಅಂಟಿಸಿ ಎಂದರು. ಓದು ಬಾರದ ಅತ್ತೆ ಚೀಟಿಗಳನ್ನು ಮಡಚಿ ಎಲೆಯಡಿಕೆ ಚೀಲಕ್ಕೆ ಸೇರಿಸಿದಳು; ಆಮೇಲೆ ಸಾಹೇಬರ ಪಾದದ ಹತ್ತಿರ ಅಂಗಾತ ಮಲಗಿಬಿಟ್ಟಳು. ಇಡೀ ಸಭೆ ಎದ್ದು ನಿಂತಿತು.

ಮಲಗಿಕೊಂಡೇ ವಿವರಿಸಿದಳು. ನಮ್ಮಲ್ಲಿ ಯಾವ ಹೆಣ್ಣೂ ಒಬ್ಬಳೇ ಹೆರುವುದಿಲ್ಲ. ಬೆನ್ನ ಹಿಂದೆ ಇನ್ನೊಬ್ಬಳು ಕೂತು, ಅವಳ ಬೆನ್ನನ್ನು ತನ್ನ ಎದೆಗೆ ಒರಗಿಸಿಕೊಂಡು ಹಿಡಿದಿರಬೇಕು. ಆ ಹಿಡಿತವಿಲ್ಲದ ಕೋಣೆಗೆ ನಮ್ಮ ಹುಡುಗಿಯರು ಕಾಲಿಡುವುದಿಲ್ಲ. ಮುಂದೆ ಸಿಸ್ಟರ್ ಇರಲಿ, ಹಿಂದೆ ನಮ್ಮವಳೊಬ್ಬಳು. ಅವಳು ಕೂರುವುದಕ್ಕೆ ಹೆರಿಗೆ ಮೇಜಿಗೂ ಗೋಡೆಗೂ ನಡುವೆ ಎರಡು ಮೊಳ ಜಾಗ. ಇಷ್ಟೇ ಬೇಡಿಕೆ. ಸಾಹೇಬರು ತಲೆದೂಗಿದರು, ಫೋಟೋ ತೆಗೆಸಿದರು. ಆ ಫೋಟೋ ಅವರ ವರದಿ ಪುಸ್ತಕದಲ್ಲಿ ಬಂತು. ಕೆಳಗೆ ಹೀಗೆ ಬರೆದಿತ್ತು: 'ಸಭೆಯಲ್ಲಿ ಅಸ್ವಸ್ಥಗೊಂಡ ವೃದ್ಧೆಗೆ ಸ್ಥಳದಲ್ಲೇ ಉಪಚಾರ.'

ಎರಡನೇ ಸಭೆ ದೇವದುರ್ಗದಲ್ಲಿ. ಅಷ್ಟರಲ್ಲಿ ಆ ಸಾಹೇಬರಿಗೆ ವರ್ಗವಾಗಿ ಹೊಸ ಮೇಡಂ ಬಂದಿದ್ದರು. ಮತ್ತೆ ಮೊದಲಿನಿಂದ ಕೇಳಿದರು, ಅತ್ತೆ ಮತ್ತೆ ಮಲಗಿದಳು. ಮೇಡಂ ದೊಡ್ಡ ಹಾಳೆಯ ಮೇಲೆ ಕೆಂಪು ಶಾಯಿಯಲ್ಲಿ 'ಎರಡು ಮೊಳ' ಎಂದು ಬರೆದರು. ಚಪ್ಪಾಳೆಯೋ ಚಪ್ಪಾಳೆ! ಊಟದ ಹೊತ್ತಿಗೆ ಅದೇ ಹಾಳೆ ಮಿರ್ಚಿ ಭಜಿಯ ಕೆಳಗಿತ್ತು.

ಮೂರನೆಯದು ಮಾನ್ವಿಯಲ್ಲಿ. ಈ ಸಲ ಇನ್ನೊಬ್ಬ ಸಾಹೇಬರು. ಅತ್ತೆಗೆ ಸೊಂಟ ಹಿಡಿದಿತ್ತು. ನನ್ನ ಕಡೆ ತಿರುಗಿ, "ನೀ ಮಲಗಲೇ" ಅಂದಳು.

"ಅತ್ತಿ, ನಾ ಗಂಡಸು."

"ಇವರೇನು ಅಷ್ಟು ನಿಗಾ ಕೊಟ್ಟು ನೋಡಂಗಿಲ್ಲ. ಮಲಗು."

ಬೆಳಿಗ್ಗೆಯಿಂದ ಸಂಜೆಯವರೆಗೆ ಕಲ್ಲು ಸಿಮೆಂಟಿನೊಡನೆ ಸೆಣಸುವ, ಯಾರ ಮುಂದೆಯೂ ತಲೆ ಬಾಗಿಸದ ನಾನು, ಮೀಸೆ ಸಮೇತ ಬಸುರಿಯಾಗಿ ನೆಲಕ್ಕೊರಗಿದೆ! ಅತ್ತೆ ಸಾಹೇಬರನ್ನೇ ಕರೆದು ನನ್ನ ಬೆನ್ನು ಹಿಡಿಯಲು ಕೂರಿಸಿದಳು. ಒಳ್ಳೆಯ ಮನುಷ್ಯ, ಕೂತೇಬಿಟ್ಟರು. "ಈಗ ಹೇಳ್ರಿ ಸಾಹೇಬ್ರ, ಇಲ್ಲೊಂದು ಗ್ವಾಡಿ ಇದ್ದಿದ್ರ ನೀವು ಎಲ್ಲಿ ಕುಂದ್ರತಿದ್ರಿ?" ಅವರಿಗೆ ನಿಜವಾಗಿಯೂ ಅರ್ಥವಾಯಿತು, ಮುಖ ನೋಡಿದರೆ ತಿಳಿಯುತ್ತಿತ್ತು. ಹಿಂದಿನ ಸಾಲಿನಿಂದ ಯಾರೋ, ಹೆರಿಗೆ ಸುಸೂತ್ರ ಆಯಿತು, ಗಂಡೋ ಹೆಣ್ಣೋ ಎಂದು ಕೇಳಿದರು. ಆರು ತಿಂಗಳು ನಾನು ಮಾನ್ವಿಯ ಕಡೆ ಕೆಲಸ ಒಪ್ಪಿಕೊಳ್ಳಲಿಲ್ಲ.

ಇನ್ನು ನನ್ನ ವಿಷಯ. ನಾನು ಗೌಂಡಿ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟು ಕರಣೆ ಹಿಡಿದವನು. ನಾನು ಎಬ್ಬಿಸಿದ ಗೋಡೆಗೆ ತೂಕಗುಂಡು ಬಿಟ್ಟು ನೋಡಿ, ಕೂದಲೆಳೆಯಷ್ಟೂ ವಾಲಿರುವುದಿಲ್ಲ. ಉಪಕೇಂದ್ರದ ಗುತ್ತಿಗೆದಾರ ನನ್ನನ್ನೇ ಕರೆದ. ಅಕ್ಷರಕ್ಕಿಂತ ನಕ್ಷೆಯನ್ನು ಚೆನ್ನಾಗಿ ಓದಬಲ್ಲೆ. ಓದಿದೆ. ಹೆರಿಗೆ ಕೋಣೆಯಲ್ಲಿ ಮೇಜಿನ ತಲೆಗೂ ಗೋಡೆಗೂ ನಡುವೆ ಒಂದು ಗೇಣು! ಮೇಜನ್ನು ಮುಂದಕ್ಕೆ ಎಳೆದರೆ ಬಾಗಿಲು ತೆರೆಯದು. ಇಂಜಿನಿಯರ್ ಬಳಿ ಹೋಗಿ ಎರಡು ಮೊಳದ ಮಾತು ತೆಗೆದೆ. ಅವರು ಬೈಯಲಿಲ್ಲ, ಬೇಸರದಿಂದಲೇ ಹೇಳಿದರು: ಎಲ್ಲ ಊರಿಗೂ ಇದೊಂದೇ ನಕ್ಷೆ, ನಿಮ್ಮ ಮೊದಲನೇ ಸಭೆಗೂ ಮುಂಚೆಯೇ ಪಾಸಾಗಿದೆ.

ಕೆಲಸ ಬಿಟ್ಟು ಬರಬಹುದಿತ್ತು. ನಾನು ಬಿಟ್ಟರೆ ಇನ್ನೊಬ್ಬ ಬಂದು ಅದೇ ಗೋಡೆಯನ್ನು ಸೊಟ್ಟಗೆ ಕಟ್ಟುತ್ತಾನೆ ಎಂದು ನನಗೆ ನಾನೇ ಹೇಳಿಕೊಂಡೆ. ನೆಟ್ಟಗೆ ಕಟ್ಟಿದೆ. ಅತ್ತೆ ಬಂದು, ಮೇಜು ಬರುವ ಜಾಗದಿಂದ ಗೋಡೆಯವರೆಗೆ ಮೊಳಕೈಯಿಂದ ಅಳೆದಳು. ಕೈ ಪೂರ್ತಿ ಚಾಚುವ ಮೊದಲೇ ಗೋಡೆ ತಾಗಿತು. ಸೆರಗಿಗೆ ಕೈ ಒರೆಸಿಕೊಂಡು ಹೋದಳು. ಬೈದಿದ್ದರೆ ನಾಲ್ಕು ತುತ್ತು ಊಟವಾದರೂ ಇಳಿಯುತ್ತಿತ್ತು.

ಉದ್ಘಾಟನೆ ಆಯಿತು. ಹೆರಿಗೆಗೆ ಯಾರೂ ಬರಲಿಲ್ಲ. ತುದಿಮನೆಯ ಸೊಸೆ ಬಾಗಿಲವರೆಗೆ ಬಂದು, ಒಳಗೆ ನೋಡಿ, ಬೆನ್ನು ಯಾರು ಹಿಡಿಯುತ್ತಾರೆ ಎಂದು ಕೇಳಿ ಹಿಂದಿರುಗಿದಳು. ಮನೆಯಲ್ಲೇ ಅತ್ತೆಯ ಎದೆಗೊರಗಿ ಹೆತ್ತಳು. ಕೂಸು ಬಂತು. ರಕ್ತ ನಿಲ್ಲಲಿಲ್ಲ. ದೇವದುರ್ಗದ ದಾರಿಯಲ್ಲಿ, ಜೀಪಿನೊಳಗೆ, ಅತ್ತೆಯ ತೊಡೆಯ ಮೇಲೇ ಹೋದಳು.

ಮಣ್ಣು ಮಾಡಿ ಬಂದ ಮೇಲೆ ಅತ್ತೆ ನನಗೆ ಹೇಳಿದ್ದು ಇಷ್ಟು: "ನನಗ ಬೆನ್ನು ಹಿಡಿಯಾಕ ಬರತದ, ರಕ್ತ ನಿಲ್ಲಸಾಕ ಬರಂಗಿಲ್ಲ. ಆ ಸಿಸ್ಟರಿಗೆ ಅದು ಬರತದ, ಇದು ಬರಂಗಿಲ್ಲ. ಎರಡೂ ಒಂದ ಖೋಲ್ಯಾಗ ಇರ್ಲಿ ಅಂತ ಮೂರು ಊರಾಗ ನೆಲಕ್ಕ ಬಿದ್ದು ಕೇಳಿದ್ವಿ."

ಆಮೇಲೆ ಇನ್ನೆರಡು ಸಭೆಗೆ ಕರೆದರು. ಅವಳು ಹೋಗಲಿಲ್ಲ. ನೋಟೀಸು ತಂದವನಿಗೆ ನೀರು ಕೊಟ್ಟು ಕಳಿಸಿದಳು.

ಕಳೆದ ತಿಂಗಳು ನನ್ನ ಮಗಳಿಗೆ ನೋವು ಕಾಣಿಸಿತು. ಮನೆಯಲ್ಲೇ ಆಗಲಿ ಎಂದು ಹೆಂಗಸರು ಮೂಲೆ ಸಾರಿಸುತ್ತಿದ್ದರು. ಅತ್ತೆ ಅವರನ್ನೆಲ್ಲ ಗದರಿಸಿ, ಮಗಳನ್ನು ತಾನೇ ಎಬ್ಬಿಸಿಕೊಂಡು ಉಪಕೇಂದ್ರಕ್ಕೆ ನಡೆದಳು. ಜೊತೆಗೆ ಒಬ್ಬರು ಇರಬಹುದು ಎಂದರು ಸಿಸ್ಟರ್. ಎಲ್ಲಿ ಇರಬೇಕು ಎಂಬುದು ನಕ್ಷೆಯಲ್ಲಿರಲಿಲ್ಲವಲ್ಲ! ನಾನು ಹೊರಗೆ ಕಟ್ಟೆಯ ಮೇಲೆ ಕೂತೆ. ಬೆಳಗಿನಿಂದ ಮಧ್ಯಾಹ್ನದವರೆಗೆ ಒಳಗಿನಿಂದ ಅತ್ತೆಯ ದನಿ ಒಂದೇ ಸಮ ಕೇಳುತ್ತಿತ್ತು. ಆಮೇಲೆ ಕೂಸಿನ ದನಿ.

ಒಳಗೆ ಹೋದಾಗ ಮಗಳು ಕಣ್ಣು ಮುಚ್ಚಿ ಉಸಿರಾಡುತ್ತಿದ್ದಳು, ಸಿಸ್ಟರ್ ಕೈ ತೊಳೆಯುತ್ತಿದ್ದರು. ಅತ್ತೆ ಇನ್ನೂ ಆ ಒಂದು ಗೇಣಿನ ಸಂದಿಯಲ್ಲಿ ಸಿಕ್ಕಿಕೊಂಡು ನಿಂತಿದ್ದಳು, ಎರಡು ಕೈಯೂ ಮಗಳ ತೋಳಿನ ಕೆಳಗೆ. ಅಷ್ಟು ತೆಳ್ಳಗಿನ ಹೆಂಗಸು ದೊಡ್ಡಿಯಲ್ಲಿ ಇನ್ನೊಬ್ಬಳಿಲ್ಲ. ಅವಳ ನಂತರ ಆ ಸಂದಿಗೆ ಹಿಡಿಸುವವರು ಯಾರು?

ಮೆಲ್ಲಗೆ ಈಚೆ ಎಳೆದುಕೊಂಡೆ. ಸೀರೆಯ ಹಿಂಭಾಗವೆಲ್ಲ ಗೋಡೆಯ ಸುಣ್ಣ. ರವಿಕೆ ಉಜ್ಜಿ ಹರಿದು, ಚರ್ಮ ತರಚಿತ್ತು.  ಅವಳು ಅಂದಳು:

"ನಿನ್ನ ಗ್ವಾಡಿ ಗಟ್ಟಿ ಅದಲೇ. ನನ್ನ ಬೆನ್ನು ಅದು ಹಿಡಿದಿತ್ತು."

ನಾನು ಆ ಬೆನ್ನಿನ ಸುಣ್ಣ ಒರೆಸುತ್ತ ನಿಂತೆ.