ಮೇಡಿನ ಕಲ್ಲುಗುಪ್ಪೆಗಳೂ ನಮ್ಮ ಮಾವನೂ

ನಮ್ಮ ಸೋದರಮಾವ ಹುಟ್ಟಾ ಬೇಸಾಯಗಾರ. ಆದರೆ ಜೀವಮಾನದಲ್ಲಿ ಒಂದೇ ಒಂದು ಸಾಲನ್ನೂ ನೆಟ್ಟಗೆ ಉತ್ತವರಲ್ಲ! ಇದನ್ನು ನಾನು ಅವರ ಬೆನ್ನ ಹಿಂದೆ ಹೇಳುತ್ತಿಲ್ಲ. ಎದುರಿಗೇ ಹೇಳಿದ್ದೇನೆ, ಅವರು ಮೀಸೆ ತಿರುವಿಕೊಂಡು ನಕ್ಕಿದ್ದಾರೆ. ತಮಿಳು ಸೀಮೆಯ ಕಂಬೈನಲ್ಲೂರಿನಿಂದಾಚೆ ಅವರ ಊರು. ಊರಿನ ಮೇಲುಗಡೆ ಒಂದು ಮೇಡು, ಅಂದರೆ ಹುಲ್ಲು ಬೆಳೆದ ಬೋಳು ದಿಬ್ಬ. ಅಲ್ಲಿರುವ ಮಾವನ ರಾಗಿ ಹೊಲದ ಬದುವಿನ ಮೇಲೆ ನಿಂತು ನೋಡಿ. ಸಾಲುಗಳು ನೆಟ್ಟಗೇ ಹೊರಡುತ್ತವೆ. ಸ್ವಲ್ಪ ದೂರ ಹೋಗುತ್ತಲೇ ಎದುರಿಗೆ ಮಾವನವರನ್ನು ಕಂಡ ಹೊಸ ಸೊಸೆಯ ಹಾಗೆ ಪಕ್ಕಕ್ಕೆ ಸರಿಯುತ್ತವೆ, ಒಂದು ಸುತ್ತು ಹಾಕುತ್ತವೆ, ಆಮೇಲೆ ಏನೂ ಆಗೇ ಇಲ್ಲವೆಂಬಂತೆ ಮುಂದಕ್ಕೆ ಹೋಗುತ್ತವೆ.

ಯಾಕೆ ಗೊತ್ತಾ? ಗೋರಿಗಳು! ಹೊಲದ ತುಂಬ ಗೋರಿಗಳು! ಸುತ್ತ ಆನೆಮರಿಯಂಥ ಗುಂಡುಕಲ್ಲುಗಳು, ನಡುವೆ ರಾಶಿ ಸುರಿದ ಸಣ್ಣಕಲ್ಲು, ಅರ್ಧ ಮಣ್ಣಿನೊಳಗೆ ಹೂತುಹೋದ ಗುಪ್ಪೆಗಳು. ನಿಮ್ಮ ತಾತ, ಅವನ ತಾತ, ಆ ತಾತನ ತಾತ ಅಂತ ಎಣಿಸುತ್ತಾ ಹೋದರೆ ಬಾಯಿ ಒಣಗಬೇಕು, ಅಷ್ಟು ಹಳೆಯವು. ಊರಿನವರು ಪಾಂಡವರ ಕುಳಿ ಅನ್ನುತ್ತಾರೆ. ವನವಾಸದಲ್ಲಿ ಪಾಂಡವರು ಅಲ್ಲೇ ಮಲಗುತ್ತಿದ್ದರಂತೆ. ಮಾವನಿಗೆ ಈ ಮಾತು ಕೇಳಿದರೆ ಮೈಯುರಿ. "ಭೀಮನ್ ಕಾಲ್ ಇಡಾಕೆ ಜಾಗ ಐತೇನ್ಲಾ ಅದ್ರಾಗೆ? ಏಳೋರಿಗೆ ಬುದ್ಧಿ ಇಲ್ದಿದ್ರೂ ಕೇಳೋರಿಗೆ ಬ್ಯಾಡ್ವಾ?" ಅವರು ಮಾತ್ರ ಗುಪ್ಪೆಗಳನ್ನು 'ಮೇಲ್ಮನೆಯೋರು' ಅನ್ನುತ್ತಾರೆ. ಶಾಸನಸಭೆಯ ಮೇಲ್ಮನೆಯಲ್ಲ, ಊರಿನ ಮೇಲುಗಡೆ ಮನೆಯವರು ಅಂತ!

ನಾವು ನಂಗವಳ್ಳಿಯವರು. ಬೇಸಿಗೆ ರಜಾ ಬಂತೆಂದರೆ ಅಮ್ಮ ನನ್ನನ್ನೂ ಅಣ್ಣನನ್ನೂ ಕಟ್ಟಿಕೊಂಡು ಬಸ್ಸಿನ ಮೇಲೆ ಬಸ್ಸು ಹತ್ತಿ ತಮ್ಮನ ಮನೆಗೆ ಹೊರಡುತ್ತಿದ್ದಳು. ಮಾರನೆಯ ಬೆಳಿಗ್ಗೆಯೇ ಮಾವ ನಮ್ಮಿಬ್ಬರನ್ನು ಮೇಡಿಗೆ ಕರೆದೊಯ್ಯಬೇಕು. ಗುಪ್ಪೆಗಳ ಹತ್ತಿರ ಬಂದ ಕೂಡಲೇ ಚಪ್ಪಲಿ ಬಿಡಿಸುವುದು, ಕೈ ಕಟ್ಟಿ ನಿಲ್ಲಿಸುವುದು, ಆಮೇಲೆ ಜೋರಾಗಿ ಪರಿಚಯ ಮಾಡಿಕೊಡುವುದು. "ನಮ್ಮಕ್ಕನ್ ಮಕ್ಳು ಬಂದವ್ರೆ. ದೊಡ್ಡೋನು ಕಣಕ್ಕಲ್ಲಿ ಫೇಲು. ಸಣ್ಣೋಳು ಪರವಾಯಿಲ್ಲೆ." ಲೆಕ್ಕದಲ್ಲಿ ಫೇಲಾದವನಿಗೆ ಸತ್ತವರ ಎದುರು ಕೂಡ ಮಾನ ಉಳಿಸದ ಮನುಷ್ಯ! ಅಣ್ಣ ಅಳುತ್ತಾ ಮನೆಗೆ ಬಂದರೆ ಅಮ್ಮ ಒನಕೆ ಹಿಡಿದ ಕೈಯಲ್ಲೇ ತಮ್ಮನನ್ನು ತರಾಟೆಗೆ ತೆಗೆದುಕೊಳ್ಳುತ್ತಿದ್ದಳು.

"ಲೇ, ಆ ಕಲ್ಲುಗೋಳ್ನ ದಿನಾ ವಿಚಾರಿಸ್ಕೊಂಡು ಬತ್ತೀಯಲ್ಲ, ನಾನು ಅಷ್ಟು ದೂರದಿಂದ ಬಂದಿವ್ನಿ, ಚೆನ್ನಾಗಿದ್ದೀಯಾ ಅಕ್ಕ ಅಂತ ಒಂದ್ ಮಾತು ಕೇಳಿದ್ಯೇನ್ಲಾ?"

"ಕೇಳೋದೇನೈತೆ? ಬಯ್ತಾ ಇದ್ದೀಯ ಅಂದ್ಮೇಲೆ ಚೆನ್ನಾಗೇ ಇದ್ದೀಯ."

ಆಮೇಲೆ ಊರಿಗೆ ಟ್ರ್ಯಾಕ್ಟರು ಬಂತು. ಎತ್ತು ಮಾರಿಯಾಗಿತ್ತು, ಮಾವನೂ ಒಂದು ಟ್ರ್ಯಾಕ್ಟರು ಬಾಡಿಗೆಗೆ ಕರೆಸಿದರು. ಡ್ರೈವರು ಗತ್ತಿನ ಹುಡುಗ, ಕಿವಿಗೆ ಹಾಡು ಸಿಕ್ಕಿಸಿಕೊಂಡು ಹತ್ತಿ ಕೂತ. ಮಾವ ಮುಂದೆ ಮುಂದೆ ಓಡುತ್ತಾ, "ಇಲ್ಲಿ ತಿರುಗ್ಸು! ಮೆದುವಾ! ಅವ್ರ್ ಬಾಗ್ಲು ಆ ಕಡೆ ಐತೆ, ಬಾಗ್ಲಿಗೆ ಅಡ್ಡ ಬರ್ಬ್ಯಾಡ!" ಅಂತ ಕೈಬೀಸುತ್ತಿದ್ದಾರೆ. ಪಾಪ, ಆ ಹುಡುಗ ಒಂದು ಗುಪ್ಪೆ ಸುತ್ತಿದ, ಇನ್ನೊಂದು ಸುತ್ತಿದ. ಸ್ವಲ್ಪ ಹೊತ್ತಿಗೆ ಎಂಜಿನು ನಿಲ್ಲಿಸಿ ತಲೆ ಹಿಡಿದುಕೊಂಡು ಕೆಳಗೆ ಕೂತುಬಿಟ್ಟ. "ಅಣ್ಣಾ, ತಲೈ ಸುತ್ತುದು! ಇದು ನಿಲಮಾ, ಇಲ್ಲೆ ರಾಟಿನಮಾ?" ಇದು ಹೊಲವೋ, ಜಾತ್ರೆಯ ತಿರುಗುಣಿಯೋ ಅಂತ ಅವನ ಪ್ರಶ್ನೆ. ಅತ್ತೆ ಮಜ್ಜಿಗೆ ತಂದುಕೊಟ್ಟು, "ಒಂದು ದಿವಸಕ್ಕೇ ಇಂಗಾದ್ರೆ ಎಂಗಪ್ಪ? ನಂಗೆ ಮದ್ವೆ ಆದಾಗ್ನಿಂದ ಸುತ್ತುತಾ ಐತೆ" ಅಂದರು.

ಈ ಅತ್ತೆಗೂ ಗುಪ್ಪೆಗಳಿಗೂ ಆಗಿಬರುತ್ತಿರಲಿಲ್ಲ. ಆ ಕಲ್ಲನ್ನೆಲ್ಲ ಕಿತ್ತು ಕುರಿಗಳಿಗೆ ಒಂದು ಒಳ್ಳೆಯ ರೊಪ್ಪ ಕಟ್ಟಬೇಕೆಂದು ಅವರ ಆಸೆ. ರೊಪ್ಪ ಆಗಲಿಲ್ಲ, ಒಂದು ದಿನ ಮಾವ ಸಂತೆಗೆ ಹೋಗಿದ್ದಾಗ ಚಪ್ಪಟೆಯಾದ ಒಂದೇ ಒಂದು ಕಲ್ಲು ತರಿಸಿ ಬಟ್ಟೆ ಒಗೆಯಲು ಹಾಕಿಕೊಂಡರು. ಮಾವ ಸಂತೆಯಿಂದ ಬಂದವರೇ ಕಲ್ಲಿನ ಮುಂದೆ ನಿಂತರು. ಅಷ್ಟೊಂದು ಕಲ್ಲಿನಲ್ಲಿ ಒಂದನ್ನು ಗುರುತು ಹಿಡಿಯುವುದೆಂದರೇನು!

"ಯಾರ್ದೋ ಮನೆ ಗೋಡೆ ಕಿತ್ಕಂಡ್ ಬಂದು ಸೀರೆ ಒಗೀತೀಯಾ?"

"ಅವ್ರ್ದೂ ಕೊಡ್ಲಿ, ಒಗ್ದು ಆಕ್ತೀನಿ!"

ಮಾವ ಕಲ್ಲನ್ನು ತಲೆಯ ಮೇಲೆ ಹೊತ್ತು ಮೇಡು ಹತ್ತಿದರು. ಅತ್ತೆ ಆ ತಿಂಗಳೆಲ್ಲ ಮಾವನ ಪಂಚೆ ಮುಟ್ಟಲಿಲ್ಲ.

ಒಮ್ಮೆ ಕಾಲೇಜಿನವರು ಕೆಲವರು ಗುಪ್ಪೆ ನೋಡಲು ಬಂದಿದ್ದರು. ಮಾವನ ಸಂಭ್ರಮ ಕೇಳಬೇಕೆ? ಎಲ್ಲರಿಗೂ ಎಳನೀರು. ಬಂದವರಲ್ಲಿ ಇಬ್ಬರಿಗೆ ಅಲ್ಲೇ ವಾದ ಹತ್ತಿಕೊಂಡಿತು. ಇಲ್ಲಿ ಹೂತವರು ತಮಿಳರು ಅಂತ ಒಬ್ಬರು, ಆಗ ತಮಿಳು ಯಾವುದು ಕನ್ನಡ ಯಾವುದು ಅಂತ ಇನ್ನೊಬ್ಬರು. ಕೊನೆಗೆ ಮಾವನನ್ನೇ ಕೇಳಿದರು. ಮಾವ ಬೀಡಿ ಆರಿಸಿ, "ಈಗ ಎರಡ್ರಲ್ಲಿ ಯಾವ್ದು ಮಾತಾಡ್ತಾರೆ? ಎರಡೂ ಇಲ್ಲ. ಅವ್ರೇ ಸುಮ್ಕಿರೋವಾಗ ನಿಮಗ್ಯಾಕೆ ಸಾರ್ ಜಗಳ?" ಅಂದರು.

ಇಷ್ಟೇ ಆಗಿದ್ದರೆ ನಾನು ಸುಮ್ಮನಿರುತ್ತಿದ್ದೆ. ಆದರೆ ನನ್ನ ಮದುವೆಗೂ ಈ ಗುಪ್ಪೆಗಳು ಅಡ್ಡ ಬಂದವಲ್ಲ! ನನ್ನ ಅಪ್ಪ ನಾಲ್ಕು ಜನರ ಮುಂದೆ ಬಾಯಿ ಬಿಡದ ಸಾಧು. ಹಾಗಾಗಿ ಅಮ್ಮ ಹೆಣ್ಣು ನೋಡುವ ಶಾಸ್ತ್ರವನ್ನು ತಮ್ಮನ ಮನೆಯಲ್ಲೇ ಇಟ್ಟುಕೊಂಡಳು. ಮೊದಲ ಗಂಡಿನ ಕಡೆಯವರು ಬಂದು ಚಾಪೆ ಮೇಲೆ ಕೂತರು. ನಾನು ಒಳಗೆ ಕೇಸರಿಬಾತಿನ ತಟ್ಟೆ ಹಿಡಿದು ನಿಂತಿದ್ದೇನೆ. ಮಾವ, "ಮೊದ್ಲು ನಮ್ಮ ದೊಡ್ಡೋರ್ನ ಮಾತಾಡಿಸ್ಕೊಂಡು ಬರಾನ ಬನ್ನಿ" ಅಂತ ಗಂಡಸರನ್ನೆಲ್ಲ ಎಬ್ಬಿಸಿಕೊಂಡು ಹೋದರು. ಉರಿಬಿಸಿಲು. ಗಂಡಿನ ತಂದೆ ಏದುಸಿರು ಬಿಡುತ್ತಾ ಮೇಡು ಹತ್ತಿ, "ಎಲ್ಲಿ ನಿಮ್ಮ ದೊಡ್ಡೋರು?" ಅಂತ ಕೇಳಿದರೆ ಮಾವ ಗುಪ್ಪೆ ತೋರಿಸಿ, "ಇಗಳೋ, ಇಲ್ಲೇ ಮಲ್ಗವ್ರೆ" ಅಂದರಂತೆ. ಅವರು ಅಲ್ಲಿಂದಲೇ ಬಸ್ಸಿಗೆ ಹೋದರು. ಕೇಸರಿಬಾತು ನಾವೇ ತಿಂದೆವು.

ಎರಡನೆಯ ಗಂಡು ಬಂದಾಗ ಅಮ್ಮ ತಮ್ಮನ ಕೈ ಹಿಡಿದು ಬೇಡಿಕೊಂಡಳು, "ಇವತ್ತೊಂದು ದಿವಸ ಬ್ಯಾಡ ಕಣ್ಲಾ." ಕೇಳುವ ಜನವೇ? ಮತ್ತೆ ಮೆರವಣಿಗೆ ಹೊರಟಿತು. ಈ ಸಲ ಗುಪ್ಪೆಯ ಹತ್ತಿರ ಬರುತ್ತಲೇ ಹುಡುಗ ತಾನಾಗಿಯೇ ಚಪ್ಪಲಿ ಬಿಟ್ಟು ತಲೆ ತಗ್ಗಿಸಿ ನಿಂತನಂತೆ. ಮಾವನ ಕಣ್ಣಲ್ಲಿ ನೀರು! ಅಲ್ಲಿಂದಲೇ ಕೂಗಿಕೊಂಡು ಇಳಿದರು, "ಅಕ್ಕಾ, ಇವ್ನೇ ಅಳಿಯ! ಸಂಸ್ಕಾರ ಅಂದ್ರೆ ಇದು!" ನನ್ನನ್ನು ಯಾರೂ ಕೇಳಲಿಲ್ಲ. ಹುಡುಗನೂ ನನ್ನನ್ನು ಇನ್ನೂ ನೋಡಿರಲಿಲ್ಲ! ಮದುವೆಯಾದ ಮೇಲೆ ನನ್ನ ಗಂಡ ನಿಜ ಹೇಳಿದರು. ಮೇಡು ಹತ್ತುವಾಗ ಚಪ್ಪಲಿಯ ಉಂಗುಟ ಕಿತ್ತುಹೋಗಿತ್ತು. ತಲೆ ತಗ್ಗಿಸಿದ್ದು, ಅದನ್ನು ಹೇಗೆ ಸಿಕ್ಕಿಸುವುದೆಂದು ನೋಡಲು. ಈ ಸಂಗತಿ ಮಾವನಿಗೆ ಇವತ್ತಿಗೂ ಗೊತ್ತಿಲ್ಲ, ನೀವೂ ಹೇಳಬೇಡಿ.

ಅಮ್ಮ ಹೋದ ವರ್ಷ ತೀರಿಕೊಂಡಳು. ಕೊನೆಗಾಲದಲ್ಲಿ ಸೇಲಮ್ಮಿನಲ್ಲಿ ಅಣ್ಣನ ಮನೆಯಲ್ಲಿದ್ದಳು. ನಮ್ಮವರಲ್ಲಿ ಹೂಳುವುದೇ ಪದ್ಧತಿ, ಆದರೆ ಪೇಟೆಯಲ್ಲಿ ಜಾಗವೆಲ್ಲಿ? ಕರೆಂಟಿನ ಸುಡುಗಾಡಿನಲ್ಲಿ ಎಲ್ಲ ಬೇಗ ಮುಗಿದುಹೋಯಿತು. ಬಟ್ಟೆ ಕಟ್ಟಿದ ಬೂದಿಯ ಕುಡಿಕೆಯನ್ನು ಅಣ್ಣ ಹೊರಗೆ ತಂದಾಗ ಮಾವ ಅದನ್ನು ನೋಡಿ, "ನಮ್ಮಕ್ಕ ಇಷ್ಟೇನಾ?" ಅಂದರು. ಮೆಟ್ಟೂರಿನಲ್ಲಿ ಕಾವೇರಿಗೆ ಬಿಟ್ಟೆವು. ಮಾವ ನೀರಿಗಿಳಿಯದೆ ದಡದಲ್ಲೇ ನಿಂತಿದ್ದು, ಊರಿಗೆ ಹೊರಟುಹೋದರು.

ಕೆಲವು ದಿನಗಳಾದ ಮೇಲೆ ಅತ್ತೆಯ ಫೋನು ಬಂತು. "ಒಂದ್ ಕಿತ ಬಂದೋಗು ಮಗಾ. ನಿಮ್ಮಾವ ಸರ್ಯಾಗಿ ಉಣ್ತಾ ಇಲ್ಲ. ಒತ್ತಾರೆ ಎದ್ದು ಮೇಡಿಗೆ ಓಯ್ತಾರೆ, ಕಲ್ಲು ಒರ್ತಾರೆ."

ಹೋದೆ. ಹೊಲದ ಅಂಚಿನಲ್ಲಿ, ಹಳೆಯ ಗುಪ್ಪೆಗಳಿಂದ ಸ್ವಲ್ಪ ಈಚೆಗೆ, ಹೊಸದೊಂದು ಗುಪ್ಪೆ ಏಳುತ್ತಿತ್ತು. ಹಳೆಯವುಗಳಿಂದ ಒಂದು ಕಲ್ಲೂ ತೆಗೆದಿರಲಿಲ್ಲ. ಎಲ್ಲ ಕೆಳಗಿನ ಹಳ್ಳದಿಂದ ಹೊತ್ತು ತಂದದ್ದು. ಅತ್ತೆ ಸೀರೆ ಎತ್ತಿಕಟ್ಟಿ ಕೂತು, "ಈ ಗಂಡಸ್ಗೆ ಜೋಡ್ಸಾಕೂ ಬರಾಕಿಲ್ಲ" ಅಂತ ಗೊಣಗುತ್ತಾ ಸಂದುಗಳಿಗೆ ಸಣ್ಣಕಲ್ಲು ತುಂಬುತ್ತಿದ್ದರು.

ನಾನು ಮಾವನ ಪಕ್ಕ ಕೂತೆ. ಅವರೇ ಮಾತು ತೆಗೆದರು.

"ನಂಗೆ ನಡೆಯಾಕೂ ಬರ್ತಿರ್ಲಿಲ್ಲ, ನಮ್ಮವ್ವ ತೀರೋದ್ಲು. ಎಲ್ಲಿ ಮಣ್ ಮಾಡಿದ್ರೋ, ಗುರ್ತು ಇಡ್ಲಿಲ್ಲ. ನಿಮ್ಮವ್ವಾನೂ ಆಗ ಸಣ್ಣ ಉಡುಗಿ. ನನ್ನ ಸೊಂಟಕ್ಕೆ ಏರಿಸ್ಕಂಡೇ ಕುರಿ ಮೇಯಿಸೋಳು. ನಾನು ಅವ್ವ ಬೇಕು ಅಂತ ಅತ್ರೆ, ಇಲ್ಲಿಗೆ ತಂದು ಕುಂಡ್ರಿಸಿ, 'ಅವ್ವ ಇಲ್ಲೇ ಮಲ್ಗವ್ಳೆ, ಸದ್ದು ಮಾಡ್ಬ್ಯಾಡ' ಅನ್ನೋಳು. ಯಾವ್ದ್ರಾಗೆ ಅಂತ ಏಳ್ಲೇ ಇಲ್ಲ."

"ಸುಳ್ಳು ಅಂತ ನಿಮಗೆ ಆಮೇಲೆ ಗೊತ್ತಾಗಲಿಲ್ವಾ ಮಾವ?"

"ಆಯ್ತು. ದೊಡ್ಡೋನಾದ ಮ್ಯಾಲೆ ಆಯ್ತು." ಅವರು ಅಂಗೈಯ ಮಣ್ಣು ಒರೆಸಿಕೊಂಡರು. "ಅಷ್ಟೊತ್ಗೆ ಇಲ್ಲಿರೋರೆಲ್ಲಾ ಬಳಕೆ ಆಗೋಗಿದ್ರು."

ನಾನು ಕಣ್ಣು ತಪ್ಪಿಸಲು ಹೊಸ ಗುಪ್ಪೆಯ ಕಡೆ ನೋಡಿದೆ. ಒಂದು ಮಗ್ಗುಲಿನ ಕಲ್ಲುಗಳು ಮಾತ್ರ ಉಳಿದವಕ್ಕಿಂತ ಎತ್ತರವಾಗಿದ್ದವು. ಯಾಕೆಂದು ಕೇಳಿದೆ.

"ಗಾಳಿ ಆ ಕಡೆಯಿಂದ ಬರ್ತದೆ ಮಗಾ. ಅಕ್ಕಂಗೆ ಗಾಳಿ ಆಗಕಿಲ್ಲ, ಕಿವಿ ನೋಯ್ತದೆ."

ನಾನು ಎದ್ದು ಹಳ್ಳಕ್ಕಿಳಿದು, ನನ್ನ ಕೈಯಲ್ಲಾಗುವಷ್ಟು ದೊಡ್ಡದೊಂದು ಕಲ್ಲನ್ನು ಅಪ್ಪಿಕೊಂಡು ಬಂದೆ. ಮಾವ ಅದನ್ನು ಇಸಿದುಕೊಂಡು ಅತ್ತಿತ್ತ ತಿರುಗಿಸಿ ನೋಡಿ, ಗಾಳಿ ಬರುವ ಕಡೆಗೇ ಇಟ್ಟರು.